ರೆಡ್ ಆಲ್ಡರ್: ಕಳೆಯೆನಿಸಿಕೊಂಡ ಮರದ ಬೆಲೆ

ಅಮೆರಿಕದ ವಾಯವ್ಯ ಕರಾವಳಿಯ ಕಾಡುಗಳನ್ನು ಕುರಿತು ಬರೆಯುವವರು ಮುಗಿಲೆತ್ತರದ ಡಗ್ಲಸ್ ಫರ್, ಸೀಡರ್ ಮತ್ತು ಹೆಮ್‌ಲಾಕ್ ಮರಗಳನ್ನು ಮನದಣಿಯೆ ವರ್ಣಿಸುತ್ತಾರೆ. ಹೊಳೆದಂಡೆಗಳಲ್ಲಿ, ರಸ್ತೆಗಾಗಿ ಅಗೆದ ದಿಬ್ಬಗಳ ಮೇಲೆ, ಭೂಕುಸಿತದ ಜಾಡುಗಳಲ್ಲಿ ದಟ್ಟವಾಗಿ ಬೆಳೆದು ನಿಲ್ಲುವ ರೆಡ್ ಆಲ್ಡರ್ ಮರಕ್ಕೆ ಮಾತ್ರ ಒಂದೆರಡು ವಾಕ್ಯಗಳಷ್ಟೇ ಸಿಗುತ್ತವೆ. ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿದ ಮೇಲೆ ನನ್ನ ಗಮನವನ್ನು ಹೆಚ್ಚು ಸೆಳೆದದ್ದು ಈ ಮರವೇ. ಅದನ್ನು ಕುರಿತು ಓದಿದಷ್ಟೂ, ಸಣ್ಣ ಅರಣ್ಯಭೂಮಿಯ ಮಾಲೀಕರೊಡನೆ ಮಾತನಾಡಿದಷ್ಟೂ ಒಂದು ಸಂಗತಿ ನನಗೆ ದೃಢವಾಗುತ್ತ ಬಂದಿದೆ: ಆಲ್ಡರ್‌ನ ಗುಣದೋಷಗಳನ್ನು ತೀರ್ಮಾನಿಸುವುದು ಅದು ಬೇರೂರಿದ ಮಣ್ಣು ಮತ್ತು ಎಳವೆಯ ವರ್ಷಗಳಲ್ಲಿ ಅದಕ್ಕೆ ದೊರೆತ ಆರೈಕೆ.

ಆಲ್ನಸ್ ರೂಬ್ರಾ ಎಂಬುದು ಇದರ ಸಸ್ಯಶಾಸ್ತ್ರೀಯ ಹೆಸರು. ಬರ್ಚ್ ಮರಗಳ ಕುಟುಂಬಕ್ಕೆ ಸೇರಿದೆ. ಆಗ್ನೇಯ ಅಲಾಸ್ಕಾದಿಂದ ಕ್ಯಾಲಿಫೋರ್ನಿಯದವರೆಗೆ, ಬಹುಮಟ್ಟಿಗೆ ಕಡಲಿನಿಂದ 200 ಕಿಲೋಮೀಟರ್ ಒಳಗಿನ ಪಟ್ಟಿಯಲ್ಲಿ, ಹೆಚ್ಚು ಎತ್ತರವಲ್ಲದ ನೆಲದಲ್ಲಿ ಬೆಳೆಯುತ್ತದೆ. ಉತ್ತರ ಅಮೆರಿಕದ ಆಲ್ಡರ್ ಜಾತಿಗಳಲ್ಲಿ ಇದೇ ಅತ್ಯಂತ ದೊಡ್ಡದು. ಒಳ್ಳೆಯ ನೆಲದಲ್ಲಿ 30 ಮೀಟರ್ ದಾಟುತ್ತದೆ. ಬೂದುಬಣ್ಣದ ತೊಗಟೆಯ ಮೇಲೆ ಕಲ್ಲುಹೂವು ಬಿಳಿ ತೇಪೆಗಳಂತೆ ಹರಡಿರುತ್ತದೆ. ಆದರೆ ಮರವನ್ನು ಕಡಿದರೆ ಗಾಳಿಗೆ ತೆರೆದುಕೊಂಡ ಭಾಗ ಸ್ವಲ್ಪ ಹೊತ್ತಿನಲ್ಲೇ ಕೆಂಪುಗಿತ್ತಳೆಗೆ ತಿರುಗುತ್ತದೆ. ಈ ಕರಾವಳಿಯ ಮೂಲನಿವಾಸಿಗಳು ತೊಗಟೆಯಿಂದ ಕೆಂಬಣ್ಣ ತೆಗೆದರು, ಕಟ್ಟಿಗೆಯ ಹೊಗೆಯಲ್ಲಿ ಸಾಲ್ಮನ್ ಮೀನನ್ನು ಒಣಗಿಸಿದರು, ಊಟಕ್ಕೆ ಯಾವ ರುಚಿಯನ್ನೂ ಬಿಡದ ಇದರ ಮರದಲ್ಲಿ ಬಟ್ಟಲುಗಳನ್ನೂ ಮುಖವಾಡಗಳನ್ನೂ ಕೆತ್ತಿದರು. ನಾಟಾ ಕಂಪನಿಗಳು ಇದರ ಬೆಲೆ ಅರಿಯುವುದಕ್ಕೆ ಬಹಳ ಮೊದಲೇ ಅವರು ಅರಿತಿದ್ದರು.

ಈ ಮರದ ಬಲವಿರುವುದು ಬೇರಿನಲ್ಲಿ. ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಬೇರುಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಮರಕ್ಕೆ ಒದಗಿಸುತ್ತದೆ. ಆಲ್ಡರ್ ಮಾತ್ರ ದಟ್ಟವಾಗಿ ಬೆಳೆದ ಕಾಡಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸಾಮಾನ್ಯವಾಗಿ 50ರಿಂದ 200 ಕಿಲೋ ಸಾರಜನಕ ಹೀಗೆ ಮಣ್ಣಿಗೆ ಸೇರಬಲ್ಲದು. ಬೇರೆ ಮರಗಳು ಎಲೆಯುದುರಿಸುವ ಮುನ್ನ ಅದರಲ್ಲಿರುವ ಸಾರಜನಕವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಆಲ್ಡರ್‌ಗೆ ಸಾರಜನಕದ ಕೊರತೆಯಿಲ್ಲದ ಕಾರಣ ಅದರ ಎಲೆಗಳು ಹಸಿರಾಗಿರುವಾಗಲೇ ಉದುರಿ, ಬೇಗ ಕೊಳೆತು ನೆಲಕ್ಕೆ ಗೊಬ್ಬರವಾಗುತ್ತವೆ. ಉತ್ತರ ಕನ್ನಡದ ಸಮುದ್ರ ತೀರದ ಬರಿಯ ಮರಳಿನಲ್ಲಿ ಗಾಳಿಮರಗಳು ಹೇಗೆ ಬದುಕುತ್ತವೆ ಎಂಬ ಪ್ರಶ್ನೆಗೂ ಉತ್ತರದ ಒಂದು ಭಾಗ ಇದೇ ಫ್ರಾಂಕಿಯಾ. ನಾಗಾಲ್ಯಾಂಡಿನ ಖೊನೋಮಾದಲ್ಲಿ ಅಂಗಾಮಿ ನಾಗಾ ರೈತರು ಆಲ್ಡರ್‌ನ ಹಿಮಾಲಯದ ಸೋದರಜಾತಿಯನ್ನು ತಮ್ಮ ಹೊಲಗಳಲ್ಲೇ ಉಳಿಸಿಕೊಂಡು, ಕಾಂಡವನ್ನು ಆಳೆತ್ತರದಲ್ಲಿ ಕಡಿದು ಚಿಗುರಿಸುತ್ತ, ಮರಗಳ ನಡುವೆ ಬೆಳೆ ತೆಗೆಯುತ್ತಾರೆ. ಭಾರತದ ಕೃಷಿಜ್ಞಾನದಲ್ಲಿ ಇದಕ್ಕೆ ಇನ್ನೂ ದೊಡ್ಡ ಸ್ಥಾನ ಸಿಗಬೇಕಿತ್ತೆಂದು ನನಗನಿಸುತ್ತದೆ.

ಬೋಳು ನೆಲಕ್ಕೆ ಎಲ್ಲರಿಗಿಂತ ಮುಂಚೆ ಬರುವವರ ಸಾಲಿಗೆ ಸೇರಿದ ಮರವಿದು. ಬೀಜ ಅತಿ ಸಣ್ಣದು. ಒಂದು ಕಿಲೋದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೀಜಗಳಿರುವುದುಂಟು, ಗಾಳಿ ಅವನ್ನು ಬಹುದೂರ ಒಯ್ಯುತ್ತದೆ. ಮೊಳೆಯಲು ತೇವವಿರುವ ಬರಿಮಣ್ಣೂ ಬಿಸಿಲೂ ಬೇಕು, ಎಲೆಗಸದ ಮೇಲೆ ಮತ್ತು ನೆರಳಿನಲ್ಲಿ ಸಸಿ ಉಳಿಯುವುದಿಲ್ಲ. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದು, ಕುಸಿದ ಪರ್ವತದ ಅವಶೇಷ ಟೂಟಲ್ ನದಿಯ ಉತ್ತರ ಕವಲಿನ ಕಣಿವೆಯನ್ನು ತುಂಬಿದಾಗ, ಮುಂದಿನ ದಶಕಗಳಲ್ಲಿ ಆ ಬಡ ನೆಲವನ್ನು ಹಸಿರಾಗಿಸಿದ ಮರಗಳಲ್ಲಿ ರೆಡ್ ಆಲ್ಡರ್‌ಗೆ ಮೊದಲ ಸಾಲಿನ ಸ್ಥಾನವಿದೆ.

ಇಷ್ಟೆಲ್ಲ ಉಪಕಾರಿಯಾದ ಮರ ಕಳೆಯೆನಿಸಿಕೊಂಡದ್ದಕ್ಕೆ ಕಾರಣ ಅದರ ಬೆಳವಣಿಗೆಯ ವೇಗ. ಡಗ್ಲಸ್ ಫರ್ ಸಸಿಯ ಪಕ್ಕದಲ್ಲಿ ಅದೇ ವರ್ಷ ಹುಟ್ಟಿದ ಆಲ್ಡರ್ ಐದು ವರ್ಷಗಳಲ್ಲಿ ಹಲವು ಪಟ್ಟು ಎತ್ತರಕ್ಕೆ ಬೆಳೆದು ಫರ್ ಸಸಿಯನ್ನು ನೆರಳಿನಲ್ಲಿ ಕೊಲ್ಲುತ್ತದೆ. ಫರ್ ನಾಟಾದಿಂದಲೇ ಬದುಕುತ್ತಿದ್ದ ಕಂಪನಿಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಆಲ್ಡರ್ ಪೊದೆಗಳ ಮೇಲೆ ಹೆಲಿಕಾಪ್ಟರುಗಳಿಂದ ಕಳೆನಾಶಕ ಸುರಿದವು. ಅದರಲ್ಲಿ 2,4,5-ಟಿ ಎಂಬುದು ಡಯಾಕ್ಸಿನ್ ಕಲಬೆರಕೆಯ ರಾಸಾಯನಿಕ. ಒರೆಗಾನ್‌ನ ಆಲ್ಸಿ ಪ್ರದೇಶದ ಮಹಿಳೆಯರು ತಮ್ಮ ಗರ್ಭಪಾತಗಳಿಗೂ ಈ ಸಿಂಪಡಣೆಗೂ ನಂಟಿದೆಯೆಂದು ದೂರಿದ ನಂತರ, 1979ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಾಡುಗಳಲ್ಲಿ ಅದರ ಬಳಕೆಯನ್ನು ತುರ್ತಾಗಿ ನಿಲ್ಲಿಸಿತು. ಒಂದು ಮರವನ್ನು ಕಳೆಯೆಂದು ಕರೆದುದರ ಬೆಲೆಯನ್ನು ಮನುಷ್ಯರು ಹೇಗೆ ತೆರಬೇಕಾಗಬಹುದು ಎಂಬ ಆತಂಕವನ್ನು ಎತ್ತಿದ ಆ ಘಟನೆಯನ್ನು ಅರಣ್ಯಶಾಸ್ತ್ರದ ಪಾಠಗಳಲ್ಲಿ ಮರೆಯಬಾರದು.

ಹಾಗೆಂದು ಆಲ್ಡರ್ ಎಲ್ಲೆಡೆಯೂ ವರವೇ ಎನ್ನಲಾಗದು. ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವು ಎರಡು ಹಳೆಯ ಪ್ರಯೋಗಕ್ಷೇತ್ರಗಳು. ದಕ್ಷಿಣ ವಾಷಿಂಗ್ಟನ್‌ನ ವಿಂಡ್ ರಿವರ್‌ನಲ್ಲಿ ಕಾಡ್ಗಿಚ್ಚಿನಿಂದ ಬಡವಾಗಿದ್ದ ನೆಲದ ಮೇಲೆ 1929ರಲ್ಲಿ ಡಗ್ಲಸ್ ಫರ್ ನೆಟ್ಟಿದ್ದರು. ಕೆಲವು ವರ್ಷಗಳ ನಂತರ ಬೆಂಕಿ ಹರಡದಂತೆ ತಡೆಯಲು ಅದರ ನಡುವೆ ಒಂದು ಪಟ್ಟಿಯಲ್ಲಿ ಆಲ್ಡರ್ ಸಸಿಗಳನ್ನು ಹಾಕಿದರು. ಬೆಂಕಿತಡೆಗೆಂದು ನೆಟ್ಟದ್ದು ಮಣ್ಣನ್ನೇ ಬದಲಿಸಿತು: ದಶಕಗಳ ನಂತರ ಅಳೆದಾಗ, ಆಲ್ಡರ್ ಜೊತೆಗಿದ್ದ ಫರ್ ಮರಗಳು ಒಂಟಿಯಾಗಿ ಬೆಳೆದ ಫರ್‌ಗಳಿಗಿಂತ ಎತ್ತರವೂ ದಪ್ಪವೂ ಆಗಿದ್ದವು. ಫರ್ ಮೊದಲು ನೆಟ್ಟು ಆಲ್ಡರ್ ತಡವಾಗಿ ಬಂದದ್ದರಿಂದ ಅದು ಫರ್ ಅನ್ನು ಹತ್ತಿಕ್ಕಲಿಲ್ಲ ಎಂಬುದೂ ಇಲ್ಲಿ ಮುಖ್ಯ. ಒರೆಗಾನ್ ಕರಾವಳಿಯ ಕ್ಯಾಸ್ಕೇಡ್ ಹೆಡ್‌ನಲ್ಲಿ ಮಾತ್ರ ಕಥೆ ಬೇರೆ. ಅಲ್ಲಿನ ಮಣ್ಣಿನಲ್ಲಿ ಸಾರಜನಕ ಮೊದಲೇ ಹೇರಳವಾಗಿತ್ತು. ಆಲ್ಡರ್ ಕೊಟ್ಟದ್ದು ಫರ್‌ಗೆ ಬೇಕಾಗಿರಲಿಲ್ಲ, ಉಳಿದದ್ದು ಬೆಳಕಿಗಾಗಿನ ಪೈಪೋಟಿ ಮಾತ್ರ. ಈಗಲೂ ಯಾರಾದರೂ ಆಲ್ಡರ್ ನೆಡಬೇಕೇ ಎಂದು ಕೇಳಿದರೆ, ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ ಎನ್ನುವುದೇ ನನ್ನ ಉತ್ತರ.

ಸಾರಜನಕ ಹೆಚ್ಚಾದಾಗ ಬೇರೆ ತೊಂದರೆಗಳೂ ಇವೆ. ಗಿಡಗಳು ಬಳಸದೆ ಉಳಿದ ನೈಟ್ರೇಟ್ ಮಳೆನೀರಿನೊಡನೆ ಇಳಿದುಹೋಗುವಾಗ ಕ್ಯಾಲ್ಸಿಯಂನಂತಹ ಪೋಷಕಾಂಶಗಳನ್ನೂ ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಒರೆಗಾನ್ ಕರಾವಳಿ ಶ್ರೇಣಿಯ ತೊರೆಗಳಲ್ಲಿ ಜಲಾನಯನದ ಆಲ್ಡರ್ ಪ್ರಮಾಣ ಹೆಚ್ಚಿದಂತೆ ನೈಟ್ರೇಟ್ ಕೂಡ ಹೆಚ್ಚುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಹೊಳೆದಂಡೆಯ ಆಲ್ಡರ್ ಬಗ್ಗೆ ಇನ್ನೊಂದು ಆಕ್ಷೇಪವಿದೆ: ಸೀಡರ್ ದಿಮ್ಮಿ ನೀರಿಗೆ ಬಿದ್ದರೆ ದಶಕಗಳ ಕಾಲ ನಿಂತು ಸಾಲ್ಮನ್‌ಗೆ ಆಶ್ರಯವಾಗುವ ಮಡುಗಳನ್ನು ಮಾಡುತ್ತದೆ, ಆಲ್ಡರ್ ದಿಮ್ಮಿ ಕೆಲವೇ ವರ್ಷಗಳಲ್ಲಿ ಕೊಳೆತುಹೋಗುತ್ತದೆ. ಈ ಕಾರಣ ಕೊಟ್ಟು ದಂಡೆಗಳ ಆಲ್ಡರ್ ಕಡಿದು ಸೀಡರ್, ಫರ್‌ನಂತಹ ಸೂಚಿಪರ್ಣಿಗಳನ್ನು ನೆಡುವ ಯೋಜನೆಗಳು ಬಂದವು. ಆಗ್ನೇಯ ಅಲಾಸ್ಕಾದ ಪ್ರಿನ್ಸ್ ಆಫ್ ವೇಲ್ಸ್ ದ್ವೀಪದಲ್ಲಿ ನಡೆದ ಅಧ್ಯಯನಗಳು ಮತ್ತೊಂದು ಮುಖವನ್ನು ತೋರಿಸಿದವು. ಆಲ್ಡರ್ ಹೆಚ್ಚಿರುವ ಮೇಲ್ಹೊಳೆಗಳಿಂದ ಕೆಳಗಿನ ಮೀನುಗಳಿಗೆ ಹರಿದುಬರುವ ಹುಳುಹುಪ್ಪಟೆಗಳ ಆಹಾರ ಹೆಚ್ಚು. ನನ್ನ ದೃಷ್ಟಿಯಲ್ಲಿ ಎರಡೂ ಬೇಕು. ದಂಡೆಯನ್ನೆಲ್ಲ ಒಂದೇ ಜಾತಿಗೆ ಒಪ್ಪಿಸುವ ಯಾವ ಯೋಜನೆಯನ್ನೂ ನಾನು ಬೆಂಬಲಿಸಲಾರೆ.

ಆಲ್ಡರ್ ನಿಸ್ಸಂದೇಹವಾಗಿ ಗೆಲ್ಲುವ ಜಾಗಗಳೂ ಇವೆ. ಡಗ್ಲಸ್ ಫರ್ ಬೇರನ್ನು ಕೊಳೆಸುವ ಒಂದು ಶಿಲೀಂಧ್ರ ಸತ್ತ ಮರದ ಬುಡದಲ್ಲಿ ದಶಕಗಳವರೆಗೆ ಜೀವಂತವಾಗಿರುತ್ತದೆ, ಅಲ್ಲಿ ಮತ್ತೆ ಫರ್ ನೆಟ್ಟರೆ ಅದನ್ನೂ ಬಲಿ ತೆಗೆದುಕೊಳ್ಳುತ್ತದೆ. ಆಲ್ಡರ್‌ಗೆ ಆ ರೋಗ ತಗಲುವುದಿಲ್ಲ. ಒರೆಗಾನ್‌ನ ಟಿಲ್ಲಮೂಕ್ ಸುತ್ತಮುತ್ತ 1990ರ ದಶಕದಿಂದ ಫರ್ ಎಲೆಗಳನ್ನು ಉದುರಿಸುತ್ತಿರುವ ಸ್ವಿಸ್ ನೀಡಲ್ ಕಾಸ್ಟ್ ರೋಗವೂ ಕೆಲವು ಮಾಲೀಕರನ್ನು ಆಲ್ಡರ್ ಕಡೆಗೆ ತಿರುಗಿಸಿದೆ.

ನೆಡುವವರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಆರಂಭವಾದ ಹಾರ್ಡ್‌ವುಡ್ ಸಿಲ್ವಿಕಲ್ಚರ್ ಕೋಆಪರೇಟಿವ್ ಎಂಬ ಸಹಕಾರಿ ಸಂಶೋಧನಾ ಕೂಟವು ಒರೆಗಾನ್‌ನಿಂದ ವ್ಯಾಂಕೂವರ್ ದ್ವೀಪದವರೆಗೆ ಹಲವೆಡೆ ಬೇರೆಬೇರೆ ಅಂತರದಲ್ಲಿ ಆಲ್ಡರ್ ಬೆಳೆಸಿ ಅಳೆಯುತ್ತ ಬಂದಿದೆ. ಹಿಮ ಬೀಳುವ ತಗ್ಗುಗಳನ್ನೂ ಬೇಸಿಗೆಯಲ್ಲಿ ಒಣಗುವ ದಕ್ಷಿಣದ ಇಳಿಜಾರುಗಳನ್ನೂ ಬಿಟ್ಟು ಜಾಗ ಆರಿಸಬೇಕು, ಏಕೆಂದರೆ ವಸಂತದ ತಡವಾದ ಹಿಮಕ್ಕೆ ಎಳೆಯ ಚಿಗುರು ಸುಟ್ಟುಹೋಗುತ್ತದೆ. ಹೆಕ್ಟೇರಿಗೆ ಸಾವಿರದಿಂದ ಸಾವಿರದೈನೂರರ ಆಸುಪಾಸಿನಲ್ಲಿ ದಟ್ಟವಾಗಿಯೇ ಸಸಿ ನೆಟ್ಟರೆ ಕೆಳಗಿನ ಕೊಂಬೆಗಳು ನೆರಳಿಗೆ ತಾವಾಗಿ ಉದುರಿ ಕಾಂಡ ನೇರವಾಗಿ, ಗಂಟಿಲ್ಲದೆ ಬೆಳೆಯುತ್ತದೆ. ನಂತರ ಮರಗಳು ಐದಾರು ಮೀಟರ್ ಎತ್ತರಕ್ಕೆ ಬರುವ ಹೊತ್ತಿಗೆ ಅವುಗಳನ್ನು ವಿರಳಗೊಳಿಸಬೇಕು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಡಗ್ಲಸ್ ಫರ್ ಮೂವತ್ತು ವರ್ಷ ಇಕ್ಕಟ್ಟಿನಲ್ಲಿದ್ದರೂ ಜಾಗ ಸಿಕ್ಕಾಗ ಚೇತರಿಸಿಕೊಳ್ಳುತ್ತದೆ, ಆದರೆ ಆಲ್ಡರ್‌ನ ಬೆಳವಣಿಗೆಯ ಭರವೆಲ್ಲ ಎಳವೆಯಲ್ಲೇ ಇರುವುದರಿಂದ ಒಮ್ಮೆ ಹರೆ ಕುಗ್ಗಿದ ಮರ ಮತ್ತೆ ತುಂಬಿಕೊಳ್ಳುವುದು ಕಷ್ಟ. ಸಮಯಕ್ಕೆ ಸರಿಯಾಗಿ ವಿರಳಗೊಳಿಸಿದರೆ ಸುಮಾರು ಮೂವತ್ತು ವರ್ಷಗಳಲ್ಲಿ ಸಾಮಿಲ್ಲಿಗೆ ಹೋಗುವ ದಿಮ್ಮಿ ಸಿಗುತ್ತದೆ. ಅರವತ್ತು ಎಪ್ಪತ್ತು ವರ್ಷಕ್ಕೆ ಮರ ಮುಪ್ಪಾಗುತ್ತದೆ, ನೂರು ದಾಟುವುದು ಅಪರೂಪ.

ಮಾರುಕಟ್ಟೆಯ ವಿಷಯಕ್ಕೆ ಬಂದರೆ, ಆಲ್ಡರ್ ಮೃದುವಾದ ಗಟ್ಟಿಮರ (ಅಗಲ ಎಲೆಯ ಮರಗಳಿಗೆ ನಾಟಾ ವ್ಯಾಪಾರದಲ್ಲಿ ಗಟ್ಟಿಮರವೆಂದೇ ಹೆಸರು). ಓಕ್‌ನಷ್ಟು ತೂಕವಿಲ್ಲ, ಸಲೀಸಾಗಿ ಕೊಯ್ಯಬಹುದು, ತಿರುಗಣಿಗೆ ಕೊಡಬಹುದು, ಅಂಟಿಸಬಹುದು. ಬಣ್ಣವನ್ನು ಸಮವಾಗಿ ಹೀರುವುದರಿಂದ ಚೆರ್ರಿ, ಮಹಾಗನಿಯಂತೆ ಕಾಣುವ ಹಾಗೆ ಮುಗಿಸಬಹುದು. ಅಡುಗೆಮನೆಯ ಕಪಾಟುಗಳು, ಬಾಗಿಲುಗಳು, ಪೀಠೋಪಕರಣಗಳು ಇದರ ಮುಖ್ಯ ಉಪಯೋಗಗಳು. ಫೆಂಡರ್ ಕಂಪನಿ 1956ರಿಂದ ತನ್ನ ಸ್ಟ್ರಾಟೋಕಾಸ್ಟರ್ ಗಿಟಾರ್‌ಗಳ ಒಡಲಿಗೆ ಹೆಚ್ಚಾಗಿ ಆಲ್ಡರ್ ಬಳಸತೊಡಗಿತು ಎಂಬುದು ಸಂಗೀತಪ್ರಿಯರಿಗೆ ಗೊತ್ತು. ಕಡಿದ ಮೇಲೆ ಬರುವ ಕೆಂಪು ಕಲೆ ಮಾತ್ರ ವ್ಯಾಪಾರಿಗಳ ತಲೆನೋವು. ದಿಮ್ಮಿಯನ್ನು, ಅದರಲ್ಲೂ ಬೇಸಿಗೆಯಲ್ಲಿ, ಬೇಗ ಕೊಯ್ದು ಒಣಗಿಸಬೇಕು, ಇಲ್ಲವಾದರೆ ಹಲಗೆಯ ದರ್ಜೆ ಇಳಿಯುತ್ತದೆ. ಹಲಗೆಗಳನ್ನು ಹಬೆಗೆ ಒಡ್ಡಿ ಬಣ್ಣವನ್ನು ತಿಳಿಕಂದಿಗೆ ಸಮಗೊಳಿಸುವ ವಿಧಾನವೂ ರೂಢಿಯಲ್ಲಿದೆ. ಒಂದು ಕಾಲಕ್ಕೆ ಸೌದೆಯ ದರಕ್ಕೆ ಹೋಗುತ್ತಿದ್ದ ಈ ಮರದ ಒಳ್ಳೆಯ ದಿಮ್ಮಿಗಳಿಗೆ 2000ರ ನಂತರದ ಕೆಲವು ವರ್ಷಗಳಲ್ಲಿ ಡಗ್ಲಸ್ ಫರ್ ದಿಮ್ಮಿಗಳಿಗಿಂತ ಹೆಚ್ಚಿನ ಬೆಲೆ ಬಂದಿತು. ಹಲಗೆಗಳು ಚೀನಾ ಮತ್ತು ವಿಯೆಟ್ನಾಂನ ಪೀಠೋಪಕರಣ ಕಾರ್ಖಾನೆಗಳಿಗೂ ರಫ್ತಾಗುತ್ತವೆ.

ನನ್ನನ್ನು ಚಿಂತೆಗೀಡುಮಾಡುವುದು ಮುಂದಿನ ಪೂರೈಕೆ. ಈಗ ಸಾಮಿಲ್ಲುಗಳಿಗೆ ಬರುತ್ತಿರುವ ಆಲ್ಡರ್ ಬಹುತೇಕ ಯಾರೂ ನೆಟ್ಟದ್ದಲ್ಲ. ಹಿಂದಿನ ಶತಮಾನದಲ್ಲಿ ಯಂತ್ರಗಳು ನೆಲವನ್ನು ಕೆದರಿ ಕಾಡು ಕಡಿದ ಜಾಗಗಳಲ್ಲಿ ತಾನಾಗಿ ಹುಟ್ಟಿದ ಮರಗಳವು. ಇಂದಿನ ಕಟಾವು ನೆಲವನ್ನು ಅಷ್ಟು ಕೆದರುವುದಿಲ್ಲ, ಕಡಿದ ಕೂಡಲೇ ಫರ್ ನೆಟ್ಟು ಕಳೆನಾಶಕ ಸಿಂಪಡಿಸುತ್ತಾರೆ, ಹೊಳೆದಂಡೆಯ ಮರಗಳಿಗೆ ಕಾನೂನಿನ ರಕ್ಷಣೆಯಿದೆ. ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಹಳೆಯ ಮರಗಳು ಮುಗಿದಾಗ ಆಲ್ಡರ್ ಕೊಯ್ಯುವ ಸಾಮಿಲ್ಲುಗಳಿಗೆ ಬೇಕಾಗುವ ದಿಮ್ಮಿ ನೆಡುತೋಪುಗಳಿಂದಲೇ ಬರಬೇಕು. ಮೂವತ್ತು ವರ್ಷದ ಬೆಳೆಯಾದ್ದರಿಂದ, ಬೇರುಕೊಳೆತದಿಂದ ಫರ್ ಸತ್ತ ತಾಕುಗಳಲ್ಲಿ, ಸಾರಜನಕವಿಲ್ಲದ ಸುಟ್ಟ ಇಳಿಜಾರುಗಳಲ್ಲಿ ಸಣ್ಣ ಮಾಲೀಕರು ಈಗಲೇ ಸಸಿ ಹಾಕಿದರೆ ಮಾತ್ರ 2050ರ ದಶಕದಲ್ಲಿ ಆ ಸಾಮಿಲ್ಲುಗಳಿಗೆ ಕೆಲಸವಿರುತ್ತದೆ.