ಕಾರ್ ಶೆಡ್ಡಿನಲ್ಲಿ ಅಪ್ಪ ಅಮ್ಮನಿಗೊಂದು ಕೋಣೆ

ಇಲ್ಲಿ ಹೆಚ್ಚುಕಮ್ಮಿ ಎಲ್ಲರ ಮನೆಗೂ ಗ್ಯಾರೇಜ್ ಇರುತ್ತದೆ, ಕಾರು ಮಾತ್ರ ಹೊರಗೆ ನಿಂತಿರುತ್ತದೆ. ಒಳಗಿರೋದು ಹಳೇ ಸೂಟ್‌ಕೇಸು, ಮಕ್ಕಳ ಸೈಕಲ್ಲು, ಅಕ್ಕಿ ಮೂಟೆ, ಮನೆ ಬದಲಿಸಿದಾಗಿನಿಂದ ಬಿಚ್ಚದ ಡಬ್ಬಗಳು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಯದೂ ಇದೇ ಕಥೆ. ಹಾಗಾಗಿ ಅಪ್ಪ ಅಮ್ಮ ಬಂದರೆ ಮಲಗೋಕೆ ಕೆಳಗಡೆ ಒಂದು ಕೋಣೆ ಬೇಕು ಅನ್ನೋ ಮಾತು ಬಂದಾಗ ಮೊದಲು ಕಣ್ಣು ಬಿದ್ದಿದ್ದೇ ಅದರ ಮೇಲೆ. ಬೆಡ್‌ರೂಮೆಲ್ಲ ಮಹಡಿಯ ಮೇಲೆ, ಅಪ್ಪನಿಗೆ ಮಂಡಿ ನೋವು, ವಿಸಿಟರ್ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಆರು ತಿಂಗಳು ಇರ್ತಾರೆ. ಅಷ್ಟು ದಿನ ಮೆಟ್ಟಿಲು ಹತ್ತಿಸಿ ಇಳಿಸೋದು ಅಂದರೆ ಟಿಕೆಟ್ ಕೊಟ್ಟು ಕರೆಸಿಕೊಂಡು ಶಿಕ್ಷೆ ಕೊಟ್ಟ ಹಾಗೆ.

ಫೋನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಏನೇ, ನಮ್ಮನ್ನ ಕಾರ್ ಶೆಡ್ಡಲ್ಲಿ ಮಲಗಿಸ್ತೀಯಾ?"

ನಗು ಬಂತು. ಆದರೆ ಕೆಲಸ ಶುರುವಾದ ಮೇಲೆ ಅಮ್ಮ ಕೇಳಿದ್ದು ತಪ್ಪಲ್ಲ ಅನ್ನಿಸಿತು. ಮನೆಗೆ ಅಂಟಿಕೊಂಡಿದೆ, ಅಡುಗೆಮನೆ ಪಕ್ಕದ ಬಾಗಿಲು ತೆಗೆದರೆ ಅದೇ ಸಿಗುತ್ತದೆ, ಚಾವಣಿ ಇದೆ, ಗೋಡೆ ಇದೆ, ಒಂದು ಮಂಚ ಹಾಕಿ ಬಣ್ಣ ಬಳಿದರೆ ಆಯ್ತಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಟ್ಟಿದವರು ಮಾತ್ರ ಅದನ್ನು ಮನೆಯೊಳಗಿನ ಜಾಗ ಅಂತ ಕಟ್ಟಿರೋದೇ ಇಲ್ಲ. ಗ್ಯಾರೇಜ್ ಅಂದರೆ ಸೂರು ಹಾಕಿದ ಬಯಲು, ಅಷ್ಟೇ.

ನೆಲದಿಂದಲೇ ಶುರು ಮಾಡ್ತೀನಿ. ಗ್ಯಾರೇಜಿನ ಕಾಂಕ್ರೀಟ್ ನೆಲ ಸಮತಟ್ಟಾಗಿರುವುದಿಲ್ಲ. ಕಾರಿನಿಂದ ಸೋರಿದ ನೀರು, ಎಣ್ಣೆ ಹೊರಗೆ ಹೋಗಲಿ ಅಂತ ದೊಡ್ಡ ಬಾಗಿಲ ಕಡೆಗೆ ವಾಟ ಕೊಟ್ಟಿರುತ್ತಾರೆ. ಅಡಿಗೆ ಒಂದೆಂಟಾಂಶ ಇಂಚು ಅಂತ ಹಿಡಿದರೂ 20 ಅಡಿಗೆ ಎರಡೂವರೆ ಇಂಚು ಇಳಿಯುತ್ತದೆ. ಮಗನ ಗೋಲಿಯೊಂದನ್ನು ಅಡುಗೆಮನೆ ಬಾಗಿಲ ಹತ್ತಿರ ಬಿಟ್ಟರೆ ಡಬ್ಬಗಳ ಸಂದಿಯಲ್ಲಿ ನುಸುಳಿಕೊಂಡು ತಾನಾಗೇ ಹೋಗಿ ಶಟರ್‌ಗೆ ಟಣ್ ಅಂತ ಬಡಿಯುತ್ತಿತ್ತು. ಇನ್ನೊಂದು ಕಾಟ ತೇವ. ಮನೆಯೊಳಗಿನ ನೆಲದ ಕೆಳಗೆ ಹಾಕುವ ಪ್ಲಾಸ್ಟಿಕ್ ಹಾಳೆಯನ್ನು ಹಳೇ ಗ್ಯಾರೇಜುಗಳ ಕೆಳಗೆ ಹಾಕಿರೋದು ಅಪರೂಪ. ಕಂಟ್ರಾಕ್ಟರ್ ಒಂದು ಚೌಕದ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಹೋದರು. ಬೆಳಗ್ಗೆ ನೋಡಿದರೆ ಅದರ ಒಳಮೈಯಲ್ಲಿ ಸಣ್ಣ ಸಣ್ಣ ನೀರಿನ ಹನಿ, ಕೆಳಗೆ ಕಾಂಕ್ರೀಟ್ ಕಪ್ಪಾಗಿತ್ತು. ಅದರ ಮೇಲೆ ಸೀದಾ ಮರದ ನೆಲ ಹಾಸಿದ್ದರೆ ಮೊದಲ ಮಳೆಗಾಲಕ್ಕೇ ಉಬ್ಬಿ ಏಳುತ್ತಿತ್ತು. ಹಾಗಾಗಿ ತೇವ ತಡೆಯುವ ಹಾಳೆ ಹಾಸಿ, ಗೆದ್ದಲು ಹಿಡಿಯದ ಮರದ ಪಟ್ಟಿಗಳನ್ನು ವಾಟಕ್ಕೆ ತಕ್ಕ ಹಾಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಮಾಡಿ ಕೂರಿಸಿ, ನೆಲವನ್ನು ಅಡುಗೆಮನೆ ಮಟ್ಟಕ್ಕೆ ಎತ್ತಿದರು. ಮಧ್ಯೆ ಇದ್ದ ಒಂದು ಮೆಟ್ಟಿಲೂ ಹೋಯಿತು, ಅಪ್ಪನಿಗೆ ಬೇಕಾಗಿದ್ದೂ ಅದೇ.

ಟ್ರೇಸಿ ಅನ್ನೋ ಊರಿನ ಕಡೆ ಹೊಸ ಬಡಾವಣೆಯಲ್ಲಿರುವ ಸ್ನೇಹಿತರ ಗ್ಯಾರೇಜಿನ ನೆಲದಲ್ಲಿ ಒಂದು ಎಚ್ಚರಿಕೆಯೇ ಅಚ್ಚೊತ್ತಿದೆ, ಇಲ್ಲಿ ಕೊರೆಯಬೇಡಿ ಅಂತ. ಅಂಥ ಸ್ಲ್ಯಾಬಿನೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಹಗ್ಗಗಳಿರುತ್ತವೆ. ಬಚ್ಚಲಿನ ಪೈಪಿಗೆ ಅಂತ ಸುಮ್ನೆ ಕತ್ತರಿಸಲು ಹೋಗಿ ಒಂದು ಹಗ್ಗ ತುಂಡಾದರೂ ಅಪಾಯ, ಮೊದಲು ಸ್ಕ್ಯಾನ್ ಮಾಡಿಸಲೇಬೇಕು. ಮನೆ ಹೊಸದಾಗಿದ್ದರೆ ಮೊದಲು ನೆಲ ನೋಡಿಕೊಳ್ಳಿ.

ನಮ್ಮ ನೀರು ಕಾಯಿಸುವ ಗ್ಯಾಸ್ ಹೀಟರ್ ಗ್ಯಾರೇಜಿನಲ್ಲಿ ಒಂದೂವರೆ ಅಡಿ ಕಟ್ಟೆಯ ಮೇಲೆ ನಿಂತಿತ್ತು. ಪೆಟ್ರೋಲ್ ಆವಿ ನೆಲದ ಮಟ್ಟದಲ್ಲೇ ತೇಲುತ್ತದೆ, ಬೆಂಕಿ ಮೇಲಿರಲಿ ಅಂತ ಆ ಕಟ್ಟೆ. ಆದರೆ ಮಲಗುವ ಕೋಣೆಯಲ್ಲಿ ಅಂಥ ಹೀಟರ್ ಬಿಟ್ಟು ಬಿಡೋಕಾಗಲ್ಲ. ಅದು ಹೊರಗೋಡೆಗೆ ಹೋಯಿತು, ವಾಷಿಂಗ್ ಮೆಷಿನ್‌ಗೆ ಒಳಗೆ ಎಲ್ಲೋ ಮೂಲೆ ಹುಡುಕಿದ್ದಾಯಿತು. ಗೋಡೆಯ ಮರದ ಕಂಬಗಳ ನಡುವೆ ಏನೂ ಇರಲಿಲ್ಲ, ಬರೀ ಜೇಡರ ಬಲೆ. ಅಲ್ಲಿಗೆಲ್ಲ ಇನ್ಸುಲೇಷನ್ ತುಂಬಿ, ಮೇಲೆ ಡ್ರೈವಾಲ್ ಅನ್ನೋ ಜಿಪ್ಸಮ್ ಹಲಗೆ ಹೊಡೆದು, ಬಿಸಿಗೂ ತಂಪಿಗೂ ಒಂದೇ ಮಿನಿ ಸ್ಪ್ಲಿಟ್ ಎ.ಸಿ. ಹಾಕಿಸಿದೆವು. ದೊಡ್ಡ ಬಾಗಿಲು ತೆಗೆದ 16 ಅಡಿ ಜಾಗಕ್ಕೆ ಮೊದಲು ಕೆಳಗೆ ಕಾಂಕ್ರೀಟ್ ಕಟ್ಟೆ, ಆಮೇಲೆ ಗೋಡೆ. ಹೊರಗಿನ ಹಲಗೆ ಹಳೆಯದಕ್ಕೆ ಹೊಂದಿದರೂ ಕಾರು ಬರುವ ಸಿಮೆಂಟ್ ದಾರಿ ಈಗ ಸೀದಾ ಹೋಗಿ ಕಿಟಕಿಗೆ ಗುದ್ದುವ ಹಾಗಿದೆ. ಅಲ್ಲಿ ನಾಲ್ಕು ಕುಂಡ ಇಟ್ಟಿದ್ದೇವೆ. ಕುಂಡ ಇಟ್ಟರೂ ನೋಡಿದವರಿಗೆಲ್ಲ ಗೊತ್ತಾಗುತ್ತೆ, ಇದು ಗ್ಯಾರೇಜಾಗಿತ್ತು ಅಂತ.

ಆ ಕಿಟಕಿಯದ್ದೇ ದೊಡ್ಡ ಪುರಾಣ. ಮಲಗುವ ಕೋಣೆಯ ಕಿಟಕಿ ಬೆಂಕಿ ಬಿದ್ದಾಗ ಮನುಷ್ಯ ಹೊರಗೆ ದಾಟುವಷ್ಟು, ಅಗ್ನಿಶಾಮಕದವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಒಳಗೆ ಬರುವಷ್ಟು ದೊಡ್ಡದಿರಬೇಕು. ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು, ತೆರೆದಾಗ ಸಿಗುವ ಜಾಗ ಕನಿಷ್ಠ 24 ಇಂಚು ಎತ್ತರ, 20 ಇಂಚು ಅಗಲ, ಒಟ್ಟು ವಿಸ್ತೀರ್ಣಕ್ಕೆ ಇನ್ನೊಂದು ಲೆಕ್ಕ ಬೇರೆ. ಕಟ್ಟಡ ಪರೀಕ್ಷಿಸುವ ಇನ್ಸ್‌ಪೆಕ್ಟರ್ ಬಂದವರೇ ಕಿಟಕಿ ಪೂರ್ತಿ ತೆಗೆದು, ಗಾಜಿನ ಅಳತೆ ಬಿಟ್ಟು ತೆರೆದ ಜಾಗವನ್ನಷ್ಟೇ ಟೇಪ್ ಹಿಡಿದು ಅಳೆದರು. ನಾವು ನೆಲ ಎತ್ತಿದ್ದರಿಂದ ಕೆಳ ಅಂಚು ಸಲೀಸಾಗಿ ಅಳತೆಯೊಳಗೆ ಬಂತು. ಅಪ್ಪ ಬಂದು ನೋಡಿ ಮೊದಲು ಕೇಳಿದ್ದು, "ಕಂಬಿ ಎಲ್ಲಮ್ಮ?" ರಸ್ತೆ ಕಡೆ ಮುಖ ಮಾಡಿದ ಕೆಳಗಿನ ಕೋಣೆಗೆ ಗ್ರಿಲ್ ಇಲ್ಲದ ಕಿಟಕಿ! ಒಳಗಿನಿಂದ ಕೀಲಿ ಇಲ್ಲದೆ ಥಟ್ಟನೆ ತೆಗೆಯುವ ಹಾಗಿಲ್ಲದಿದ್ದರೆ ಇಲ್ಲಿ ಗ್ರಿಲ್ ಹಾಕುವ ಹಾಗಿಲ್ಲ ಅಂತ ಹೇಳಿದರೂ ಅವರಿಗೆ ಸಮಾಧಾನವಿಲ್ಲ. ರಾತ್ರಿ ಪರದೆ ಎಳೆದು ಕುರ್ಚಿಯೊಂದನ್ನು ಅಡ್ಡ ಇಟ್ಟೇ ಮಲಗ್ತಾರೆ.

ಈಗ ಪರ್ಮಿಟ್ ವಿಷಯ. ಬೆಂಗಳೂರಲ್ಲಿ ಕೆಳಗಿನ ಪಾರ್ಕಿಂಗಿಗೆ ಗೋಡೆ ಎಬ್ಬಿಸಿ ಅಂಗಡಿ ಬಾಡಿಗೆಗೆ ಕೊಟ್ಟವರನ್ನು ನೋಡಿ ಬೆಳೆದವರು ನಾವು, ಇಲ್ಲೂ ಪರ್ಮಿಟ್ ಇಲ್ಲದೆ ವಾರಾಂತ್ಯದಲ್ಲಿ ಮುಗಿಸಿಬಿಡುವವರಿದ್ದಾರೆ, ಅದರಲ್ಲಿ ನಮ್ಮವರೂ ಉಂಟು. ನನಗೆ ಅದು ಸರಿ ಕಾಣಲ್ಲ. ಮನೆ ಮಾರುವಾಗ ಗೊತ್ತಿರುವುದನ್ನು ಬರೆದು ತಿಳಿಸಲೇಬೇಕು, ಬೆಂಕಿ ಬಿದ್ದರೆ ವಿಮೆಯವರು ತಕರಾರು ತೆಗೆಯಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಮಲಗುವವರು ನಿಮ್ಮ ಅಪ್ಪ ಅಮ್ಮ ಅಲ್ವಾ? ಅದೂ ಅಲ್ಲದೆ 2020ರ ಜನವರಿಯಿಂದ ರಾಜ್ಯದ ಕಾನೂನು ತುಂಬಾ ಸಲೀಸಾಗಿದೆ. ಮನೆಯ ಗೋಡೆಗಳೊಳಗೇ 500 ಚದರಡಿವರೆಗೆ ಜೂನಿಯರ್ ಎ.ಡಿ.ಯು., ಅಂದರೆ ಮನೆಗೆ ಸೇರಿದ ಸಣ್ಣ ಉಪಮನೆ, ಮಾಡಬಹುದು, ಹೊರಗಿನಿಂದ ಒಂದು ಬಾಗಿಲು, ಸಣ್ಣ ಅಡುಗೆಕಟ್ಟೆ ಇರಬೇಕು. ಎರಡು ಕಾರಿನ ಗ್ಯಾರೇಜ್ ಸುಮಾರು 400 ಚದರಡಿ ಬರುತ್ತದೆ, ನಮ್ಮದು ಅದರಲ್ಲೇ ಆಯಿತು. ಅರ್ಜಿ ಪೂರ್ತಿಯಾಗಿದ್ದರೆ ಊರಿನ ಪರ್ಮಿಟ್ ಕಚೇರಿಯವರು 60 ದಿನದೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಅಡುಗೆಕಟ್ಟೆ ಬೇಡ, ಬರೀ ಬೆಡ್‌ರೂಮ್ ಸಾಕು ಅಂದರೆ ದಾರಿ ಬೇರೆ, ಪಾರ್ಕಿಂಗ್ ನಿಯಮ ಊರಿಂದ ಊರಿಗೆ ಬೇರೆ, ಕೇಳಿಯೇ ಮುಂದುವರಿಯಿರಿ.

ಕಂದಾಯ ಎಷ್ಟು ಜಾಸ್ತಿಯಾಯ್ತು ಅಂತ ಅಪ್ಪ ಕೇಳಿದರು. ಆಸ್ತಿ ತೆರಿಗೆಗೆ ಮಿತಿ ಹಾಕುವ 1978ರ ಪ್ರಾಪ್ 13 ಅನ್ನೋ ರಾಜ್ಯದ ಕಾನೂನು ಇರೋದರಿಂದ ಹೊಸ ಕೆಲಸದ ಬೆಲೆಗಷ್ಟೇ ತೆರಿಗೆ ಸೇರುತ್ತದೆ, ಹಳೇ ಮನೆಯ ಬೆಲೆಯನ್ನು ಇದೇ ನೆಪದಲ್ಲಿ ಹೊಸದಾಗಿ ಕಟ್ಟುವುದಿಲ್ಲ. ಒಟ್ಟು ಖರ್ಚು ಹೇಳಿದಾಗ ಮಾತ್ರ ಅಮ್ಮ ಬಿಡಲಿಲ್ಲ, "ಆ ದುಡ್ಡಿಗೆ ಹಾಸನದಲ್ಲಿ ತರ್ಟಿ ಫಾರ್ಟಿ ಸೈಟೇ ಬರ್ತಿತ್ತಲ್ಲೇ" ಅಂದರು. ಈಗ ಆ ಸಣ್ಣ ಅಡುಗೆಕಟ್ಟೆಯಲ್ಲಿ ಬೆಳಗ್ಗೆ ಐದಕ್ಕೇ ಫಿಲ್ಟರ್ ಕಾಫಿ ಮಾಡಿಕೊಳ್ಳೋರೂ ಅವರೇ.

ನಮ್ಮದೂ ಇದೇ ಥರ ಮಾಡಬಹುದಾ ಅಂತ ಮಿನೆಸೋಟದಲ್ಲಿರುವ ಚಿಕ್ಕಪ್ಪನ ಮಗ ಕೇಳಿದ. ಬೇಡ ಮಾರಾಯ ಅಂದೆ. ಇಲ್ಲಿ ಹಿಮ ಬೀಳಲ್ಲ, ಕಾರು ವರ್ಷವಿಡೀ ಹೊರಗೇ ನಿಲ್ಲಬಹುದು. ಅಲ್ಲಿ ಚಳಿಗಾಲದ ಬೆಳಗ್ಗೆ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತಾ ನಿಂತವನಿಗೆ ಗ್ಯಾರೇಜಿನ ಬೆಲೆ ಗೊತ್ತಾಗುತ್ತದೆ. ಅವನ ಮನೆಗೆ ಬೇಸ್‌ಮೆಂಟ್ ಇದೆ, ಆದರೆ ಅದಕ್ಕೂ ಮೆಟ್ಟಿಲು. ಊಟದ ಮನೆಯನ್ನೇ ಗೋಡೆ ಹಾಕಿ ಕೋಣೆ ಮಾಡು, ಊಟ ಹೇಗೂ ಟಿವಿ ಮುಂದೆ ತಾನೇ ಅಂದಿದ್ದೇನೆ. ಹೆಂಡತಿಯನ್ನು ಕೇಳಿ ಹೇಳ್ತೀನಿ ಅಂದಿದ್ದಾನೆ.