ಸಣ್ಣ ಆಟಗಳ ನೋಟ್‌ಬುಕ್: ಆರು ವಾರ ಆಯ್ತು

ಮಳೆ ಶುರುವಾದಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ವಾರಕ್ಕೊಂದು ಸಣ್ಣ ವಿಡಿಯೋ ಗೇಮ್ ಆಡಬೇಕು ಅಂತ. ದೊಡ್ಡ ಕಂಪನಿಗಳದ್ದಲ್ಲ, ಒಬ್ಬರೋ ಹತ್ತು ಜನರೋ ಸೇರಿ ಮಾಡಿದ್ದು, ಕಥೆಯೇ ಮುಖ್ಯವಾದದ್ದು. ನಿಯಮ ಒಂದೇ. ಆಡಿ ಮುಗಿಸಿದ ರಾತ್ರಿಯೇ ಬರೆಯಬೇಕು, ಬೇರೆಯವರು ಏನು ಹೇಳಿದ್ದಾರೆ ಅಂತ ನೋಡುವ ಮೊದಲೇ. ಆರು ವಾರ ತಪ್ಪಿಸಿಲ್ಲ. ಆ ಪುಟಗಳನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ. ಆಟಗಳ ಕೊನೆ ಏನಾಗುತ್ತದೆ ಅನ್ನುವುದೂ ಇದರಲ್ಲಿದೆ, ಆಡಬೇಕು ಅಂದುಕೊಂಡವರು ಆ ವಾರವನ್ನು ಬಿಟ್ಟು ಓದಿ.

ವಾರ 1: ಫ್ಲಾರೆನ್ಸ್

ಮೆಲ್ಬರ್ನ್‌ನ ಮೌಂಟನ್ಸ್ ಅನ್ನೋ ತಂಡ 2018ರ ಪ್ರೇಮಿಗಳ ದಿನ ಬಿಟ್ಟ ಆಟ. ಫೋನಿನಲ್ಲೇ ಆಡಿದೆ, ಒಂದು ಗಂಟೆಯೂ ಬೇಕಾಗಲಿಲ್ಲ. ಫ್ಲಾರೆನ್ಸ್ ಇಯೋಗೆ 25 ವರ್ಷ. ಹಲ್ಲುಜ್ಜು, ಬಸ್ ಹತ್ತು, ಲೆಕ್ಕ ಮಾಡು, ಮನೆಗೆ ಬಾ. ಒಂದು ದಿನ ಕ್ರಿಶ್ ಸಿಗುತ್ತಾನೆ, ಚೆಲ್ಲೋ ನುಡಿಸುವ ಹುಡುಗ.

ಮೊದಲ ಸಲ ಇಬ್ಬರೂ ಎದುರುಬದುರು ಕೂತಾಗ ಅವಳ ಮಾತು ತುಂಡು ತುಂಡಾಗಿ ಬರುತ್ತದೆ. ಆ ತುಂಡುಗಳನ್ನು ಜೋಡಿಸಿದರೆ ಮಾತ್ರ ಅವಳು ಬಾಯಿ ಬಿಡುತ್ತಾಳೆ. ಅಕ್ಷರಗಳೇ ಇಲ್ಲ, ಬರೀ ಬಣ್ಣದ ತುಂಡುಗಳು. ಸಲಿಗೆ ಬೆಳೆದ ಹಾಗೆ ತುಂಡುಗಳು ಕಮ್ಮಿಯಾಗುತ್ತವೆ. ಕೊನೆಕೊನೆಗೆ ಒಂದೋ ಎರಡೋ, ಸುಮ್ನೆ ಇಟ್ಟರೆ ಕೂತುಬಿಡುತ್ತದೆ. ಮನಸ್ಸಿಗೆ ಹತ್ತಿರ ಆದವರ ಜೊತೆ ಮಾತು ಹೀಗೇ ಅಲ್ವಾ? ಜಗಳ ಬಂದಾಗ ಅದೇ ತುಂಡುಗಳ ಅಂಚು ಚೂಪಾಗುತ್ತದೆ. ನಾನೂ ಪಟಪಟ ಜೋಡಿಸಿದೆ, ಅವನಿಗಿಂತ ಮೊದಲು ಹೇಳಿಬಿಡಬೇಕು ಅಂತ. ಆಮೇಲೆ ಬೆರಳು ನಿಂತಿತು. ಯಾಕೆ ಇಷ್ಟು ಅವಸರ ಮಾಡಿದೆ?

ಕ್ರಿಶ್ ಮನೆಗೆ ಬಂದಾಗ ಕಪಾಟಿನಲ್ಲಿ ಅವನ ಸಾಮಾನಿಗೆ ಜಾಗ ಮಾಡಿಕೊಟ್ಟಿದ್ದು ನಾನೇ. ಹೊರಟಾಗ ಅವನ ಸಾಮಾನು ಡಬ್ಬಕ್ಕೆ ತುಂಬಿದ್ದೂ ನಾನೇ. ಅವತ್ತು ನೋಟ್‌ಬುಕ್ಕಿನಲ್ಲಿ ಕಥೆಯ ಸಾರಾಂಶ ಮೂರು ಪುಟ ಬರೆದಿದ್ದೇನೆ. ಈಗ ಓದಿದರೆ ಅದರಲ್ಲಿ ಉಸಿರೇ ಇಲ್ಲ. ಡಬ್ಬ ತುಂಬಿದ ಆ ಒಂದು ಸಾಲು ಮಾತ್ರ ಇನ್ನೂ ಚುಚ್ಚುತ್ತದೆ.

ವಾರ 2: ಅನ್‌ಪ್ಯಾಕಿಂಗ್

ಇದೂ ಆಸ್ಟ್ರೇಲಿಯಾದ್ದೇ. ಬ್ರಿಸ್ಬೇನ್‌ನ ವಿಚ್ ಬೀಮ್ ತಂಡ 2021ರಲ್ಲಿ ಬಿಟ್ಟದ್ದು. ಒಬ್ಬಳು 1997ರಿಂದ 2018ರವರೆಗೆ ಎಂಟು ಸಲ ಮನೆ ಬದಲಿಸುತ್ತಾಳೆ. ನಮ್ಮ ಕೆಲಸ ಡಬ್ಬ ಬಿಚ್ಚಿ ಸಾಮಾನು ಜೋಡಿಸುವುದು, ಅಷ್ಟೇ. ಅವಳು ಒಂದು ಸಲವೂ ಎದುರಿಗೆ ಬರುವುದಿಲ್ಲ. ಆದರೆ ಮೂರನೇ ಮನೆ ಹೊತ್ತಿಗೆ ಅವಳು ನನಗೆ ಗೊತ್ತು. ಚಿತ್ರ ಬರೆಯುತ್ತಾಳೆ. ಚಿಕ್ಕಂದಿನ ಗೊಂಬೆ ಬಿಸಾಡಲ್ಲ.

ಒಂದೊಂದು ವಸ್ತುವನ್ನು ಎಲ್ಲಿಟ್ಟರೂ ಅದರದೇ ಸದ್ದು. ಮರದ ಮೇಲೆ ಲೋಟ ಇಟ್ಟರೆ ಒಂದು, ಗಾಜಿನ ಮೇಲೆ ಇಟ್ಟರೆ ಇನ್ನೊಂದು. ಇದಕ್ಕಾಗಿ 14,000ಕ್ಕೂ ಜಾಸ್ತಿ ಸದ್ದುಗಳನ್ನು ರೆಕಾರ್ಡ್ ಮಾಡಿದ್ದಾರಂತೆ. ಹೆಡ್‌ಫೋನ್ ಹಾಕಿ ಆಡಿ, ದಯವಿಟ್ಟು.

2010ರ ಮನೆ ಬಗ್ಗೆ ಬರೆಯಲೇಬೇಕು. ಹುಡುಗನ ಫ್ಲ್ಯಾಟಿಗೆ ಇವಳು ಹೋಗುತ್ತಾಳೆ. ಅವನ ಸಾಮಾನು ಆಗಲೇ ಎಲ್ಲ ಕಡೆ ತುಂಬಿದೆ. ಇವಳ ಬಟ್ಟೆಗೆ ಜಾಗ ಇಲ್ಲ, ಪಾತ್ರೆಗೆ ಜಾಗ ಇಲ್ಲ. ಅವನದನ್ನು ಒತ್ತರಿಸಿ ಒತ್ತರಿಸಿ ಇಟ್ಟೆ. ಕೊನೆಗೆ ಫ್ರೇಮ್ ಹಾಕಿದ ಡಿಗ್ರಿ ಸರ್ಟಿಫಿಕೇಟ್ ಉಳಿಯಿತು. ಗೋಡೆ ಮೇಲೆ ಹಿಡಿದೆ, ಬೇರೆ ಚಿತ್ರಗಳಿವೆ. ಅಡುಗೆಮನೆಗೆ ತಂದೆ, ಬಾತ್‌ರೂಮಿಗೂ ಹೊತ್ತೊಯ್ದೆ. ಎಲ್ಲಿಟ್ಟರೂ ಸುತ್ತ ಕೆಂಪು ಗೆರೆ. ಹತ್ತು ನಿಮಿಷ ಆಗಿರಬೇಕು. ಮಂಚದ ಕೆಳಗೆ ತಳ್ಳಿದೆ, ಕೂತಿತು. ಮನೆ ಮುಗಿಯಿತು ಅಂತ ಆಟ ಹೇಳಿತು.

ನನಗೆ ಕಣ್ಣು ತುಂಬಿ ಬಂತು. ಯಾರೂ ಒಂದು ಮಾತು ಆಡಿಲ್ಲ, ಆ ಹುಡುಗ ಕೆಟ್ಟವನು ಅಂತಲೂ ಯಾರೂ ಹೇಳಿಲ್ಲ. ಆದರೂ ಇಲ್ಲಿ ಇವಳಿಗೆ ಉಳಿಗಾಲ ಇಲ್ಲ ಅಂತ ಗೊತ್ತಾಯಿತು. ಮುಂದಿನ ಮನೆ 2012, ಅಪ್ಪ ಅಮ್ಮನ ಮನೆಯ ಹಳೇ ಕೋಣೆ. ಅಲ್ಲಿ ಅವನ ಜೊತೆಗಿನ ಫೋಟೋ ಡಬ್ಬದಿಂದ ಬರುತ್ತದೆ. ಕಣ್ಣಿಗೆ ಬೀಳುವ ಕಡೆ ಇಟ್ಟರೆ ಆಟ ಒಪ್ಪುವುದಿಲ್ಲ.

ಬ್ರಿಟನ್ನಿನಲ್ಲಿ ಸಿನಿಮಾ, ಟಿವಿ, ಆಟಗಳಿಗೆ ಕೊಡುವ ಬಾಫ್ಟಾದಲ್ಲಿ 2022ರಲ್ಲಿ ಒಳ್ಳೆಯ ನಿರೂಪಣೆಗೆ ಪ್ರಶಸ್ತಿ ಸಿಕ್ಕಿದ್ದು ಇದೇ ಆಟಕ್ಕೆ. ಪಾತ್ರಗಳು ಒಂದು ಮಾತೂ ಆಡದ ಆಟಕ್ಕೆ. ಸರಿಯಾದವರಿಗೇ ಸಿಕ್ಕಿದೆ.

ವಾರ 3: ಎ ಶಾರ್ಟ್ ಹೈಕ್

ಆ್ಯಡಂ ರಾಬಿನ್ಸನ್-ಯು 2019ರಲ್ಲಿ ತಂದದ್ದು. ಕ್ಲೇರ್ ಅನ್ನೋ ಪುಟ್ಟ ಹಕ್ಕಿ ಒಂದು ಫೋನ್ ಕಾಲ್‌ಗೆ ಕಾಯುತ್ತಿದ್ದಾಳೆ, ನೆಟ್‌ವರ್ಕ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ. ದಾರಿಯಲ್ಲಿ ಚಿನ್ನದ ಗರಿ ಸಿಕ್ಕಷ್ಟೂ ಜಾಸ್ತಿ ಎತ್ತರ ಹತ್ತಬಹುದು. ಮೀನು ಹಿಡಿದೆ, ಓಟದ ಪಂದ್ಯ ಆಡಿದೆ, ಕಾಲ್ ವಿಷಯ ಮರೆತೇ ಹೋಯಿತು. ತುದಿಯಲ್ಲಿ ಫೋನ್ ಬಂತು. ಅಮ್ಮನಿಗೆ ಆಪರೇಷನ್ ಆಗಿದೆ. ಕ್ಲೇರ್ ಇಷ್ಟು ಹೊತ್ತೂ ಆ ಭಯ ಇಟ್ಟುಕೊಂಡೇ ಓಡಾಡಿದ್ದಳು. ಅಮ್ಮ ಚೆನ್ನಾಗಿದ್ದಾಳೆ. ಆಮೇಲೆ ಗುಡ್ಡದಿಂದ ಹಾರಿ, ತೇಲಿಕೊಂಡು ಕೆಳಗೆ ಬಂದೆ. ಆ ತೇಲುವುದರಲ್ಲಿ ಎಂಥ ನಿರಾಳ!

ಇಲ್ಲಿಂದ ಬರೆಯುವ ರೀತಿ ಬದಲಿಸಿದೆ. ಕಥೆಯ ಸಾರಾಂಶ ನಿಲ್ಲಿಸಿದೆ. ಪ್ರತಿ ಪುಟದ ಮೇಲೆ ಒಂದೇ ಪ್ರಶ್ನೆ: ಕೈ ಏನು ಮಾಡಿತು? ಮೂರೂ ವಾರ ನನ್ನನ್ನು ಅಲ್ಲಾಡಿಸಿದ್ದು ಅದೇ. ಡಬ್ಬ ತುಂಬಿದ್ದು, ಸರ್ಟಿಫಿಕೇಟ್ ತಳ್ಳಿದ್ದು, ತುದಿಯಿಂದ ಹಾರಿದ್ದು.

ವಾರ 4: ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್

ಜೈಂಟ್ ಸ್ಪ್ಯಾರೋ ತಂಡದ್ದು, 2017. ಅಮೆರಿಕದ ವಾಷಿಂಗ್ಟನ್ ರಾಜ್ಯದ ಆರ್ಕಸ್ ದ್ವೀಪದಲ್ಲಿ ಒಂದು ಮನೆ. ಆ ಮನೆತನದವರು ಒಬ್ಬೊಬ್ಬರೂ ಹೇಗೆ ಸತ್ತರು ಅಂತ ಈಡಿತ್ ಹುಡುಕುತ್ತಾಳೆ. ಎಲ್ಲರ ಕಥೆಯೂ ಒಂದೇ ಹಾಗೆ ತಟ್ಟಲಿಲ್ಲ, ಕೆಲವು ಬೇಗ ಮುಗಿದವು. ಆದರೆ ಲೂಯಿಸ್.

ಲೂಯಿಸ್ ಈಡಿತ್‌ಳ ಅಣ್ಣ. ಮೀನಿನ ಕಾರ್ಖಾನೆಯಲ್ಲಿ ಕೆಲಸ. ಬಲಗೈಯಲ್ಲಿ ಮೌಸ್: ಮೀನು ಎಳೆ, ಕತ್ತಿಗೆ ಕೊಡು, ತಲೆ ಹೋಯಿತು, ಆಚೆ ತಳ್ಳು. ಮತ್ತೆ ಎಳೆ. ಎಡಗೈ ಕೀಬೋರ್ಡ್ ಮೇಲೆ. ಅದು ಅವನ ಕಲ್ಪನೆಯ ರಾಜ್ಯದಲ್ಲಿ ನಡೆಯುತ್ತದೆ. ಮೊದಲು ಪರದೆಯ ಮೂಲೆಯಲ್ಲಿ ಸಣ್ಣ ದಾರಿ. ನಿಧಾನಕ್ಕೆ ಅದು ಊರಾಗಿ, ನದಿಯಾಗಿ, ಪರದೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಮೀನು ಕಾಣುವುದೇ ಇಲ್ಲ. ನನ್ನ ಬಲಗೈ ಮಾತ್ರ ನಿಂತಿಲ್ಲ. ಎಳೆ, ಕತ್ತಿ, ತಳ್ಳು. ಇದು ನನಗೆ ಗೊತ್ತಾದದ್ದು ಎಷ್ಟೋ ಹೊತ್ತಾದ ಮೇಲೆ. ಕೆಲಸದ ದಿನಗಳಲ್ಲಿ ನನ್ನ ಕೈ ಶೀಟಿನಲ್ಲಿ ನಂಬರ್ ತುಂಬುತ್ತಿದ್ದರೆ ಮನಸ್ಸು ಇನ್ನೆಲ್ಲೋ ಇರುತ್ತದೆ. ಅದು ನನಗೆ ಚೆನ್ನಾಗಿ ಗೊತ್ತು. ಇಷ್ಟು ನಿಖರವಾಗಿ ಅದನ್ನು ಯಾರೂ ನನಗೆ ತೋರಿಸಿರಲಿಲ್ಲ.

ಕೊನೆಗೆ ಲೂಯಿಸ್ ಕಿರೀಟಕ್ಕೆ ತಲೆ ಬಾಗಿಸುತ್ತಾನೆ. ಅವನ ನಿಜವಾದ ತಲೆ ಎಲ್ಲಿದೆ ಅನ್ನುವುದು ನನ್ನ ಬಲಗೈಗೆ ಗೊತ್ತಿತ್ತು. ಅವತ್ತು ಎರಡು ಸಾಲು ಮಾತ್ರ ಬರೆದೆ. ಮಾರನೇ ದಿನ ಸುಮಾರು ದಿನದಿಂದ ಮಾತಾಡದ ಗೆಳತಿಗೆ ಫೋನ್ ಮಾಡಿದೆ. ಊಟ ಆಯ್ತಾ ಅಂತ ಕೇಳಿದೆ.

ವಾರ 5: ಬಿಫೋರ್ ಯುವರ್ ಐಸ್

2021ರ ಆಟ, ಗುಡ್‌ಬೈವರ್ಲ್ಡ್ ಗೇಮ್ಸ್ ತಂಡದ್ದು. ಇಲ್ಲಿ ಕೈಗೆ ಕೆಲಸವೇ ಕಮ್ಮಿ, ಲ್ಯಾಪ್‌ಟಾಪಿನ ಕ್ಯಾಮೆರಾ ನಮ್ಮ ಕಣ್ಣು ನೋಡುತ್ತದೆ. ಸತ್ತುಹೋದ ಬೆಂಜಮಿನ್ ತನ್ನ ಬದುಕನ್ನು ನೆನಪು ಮಾಡಿಕೊಳ್ಳುತ್ತಿದ್ದಾನೆ. ನಾವು ರೆಪ್ಪೆ ಮಿಟುಕಿಸಿದರೆ ಆ ನೆನಪು ಮುಗಿದು ಮುಂದಿನದು ಬರುತ್ತದೆ.

ಮೊದಲ ದಿನ ಕೆಲಸ ಮಾಡಲಿಲ್ಲ. ಟ್ಯೂಬ್‌ಲೈಟ್ ನನ್ನ ಕನ್ನಡಕದ ಮೇಲೆ ಹೊಳೆಯುತ್ತಿತ್ತು, ಮಿಟುಕಿಸಿದ್ದು ಕ್ಯಾಮೆರಾಗೆ ತಿಳಿಯುತ್ತಲೇ ಇರಲಿಲ್ಲ. ಎರಡನೇ ದಿನ ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ಇಟ್ಟು, ಕನ್ನಡಕ ತೆಗೆದು ಕೂತೆ. ಸರಿಹೋಯಿತು.

ಬೆಂಜಮಿನ್‌ನ ಅಮ್ಮ ಮಾತಾಡುತ್ತಿದ್ದಾಳೆ. ಅವಳ ಮಾತು ಪೂರ್ತಿ ಕೇಳಬೇಕು. ಕಣ್ಣು ಉರಿಯುತ್ತಿದೆ, ನೀರು ಬರುತ್ತಿದೆ, ತಡೆದೆ, ತಡೆದೆ, ರೆಪ್ಪೆ ಬಿತ್ತು. ಅಮ್ಮ ಇಲ್ಲ, ಬೇರೆ ದಿನ, ಬೇರೆ ಕೋಣೆ. ಆ ಮಾತಿನ ಕೊನೆ ಏನಿತ್ತೋ ನನಗೆ ಸಿಗಲೇ ಇಲ್ಲ. ಅಪ್ಪ ತೀರಿಕೊಂಡ ವರ್ಷ ನೆನಪಾಯಿತು. ಅವರ ಎಷ್ಟೋ ಮಾತುಗಳು ನನಗೆ ಅರ್ಧ ಅರ್ಧವೇ ನೆನಪಿವೆ.

ವಾರ 6: ವೆಂಬಾ

ಈ ವಾರ ಊರಿಗೆ ಹೋಗಿದ್ದೆ, ಅಮ್ಮನ ಜೊತೆ ಕೂತು ಆಡಿದೆ. ಕೆನಡಾದ ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ಬಿಟ್ಟದ್ದು, ಮರುವರ್ಷ ಬಾಫ್ಟಾದಲ್ಲಿ ಚೊಚ್ಚಲ ಆಟದ ಪ್ರಶಸ್ತಿ ಪಡೆದದ್ದು. 1980ರ ದಶಕದ ಕೊನೆಯಲ್ಲಿ ಕೆನಡಾಗೆ ಹೋದ ತಮಿಳು ದಂಪತಿ ವೆಂಬಾ ಮತ್ತು ಪಾವಲನ್, ಅವರ ಮಗ ಕವಿನ್. ವೆಂಬಾಳ ತಾಯಿ ಕೊಟ್ಟ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದು ಮಾಸಿಹೋಗಿದೆ. ಅಳಿಸಿದ್ದನ್ನು ನಾವು ಊಹಿಸಿ ಅಡುಗೆ ಮಾಡಬೇಕು.

ಮೊದಲಿಗೆ ಇಡ್ಲಿ. ನಾನು ತಟ್ಟೆಗಳನ್ನು ಒಂದರ ಮೇಲೊಂದು ನೇರ ಇಟ್ಟೆ. ಬೇಯಲಿಲ್ಲ.

"ತಟ್ಟೆ ತಿರುಗಿಸಿ ಇಡು ಕಣೇ," ಅಂದರು ಅಮ್ಮ. "ಆವಿ ಮೇಲೆ ಹೋಗೋದು ಬೇಡ್ವಾ? ಇಷ್ಟು ವರ್ಷ ತಿಂದಿದ್ದೀಯ, ನೋಡೇ ಇಲ್ವಾ?"

ನೋಡಿರಲಿಲ್ಲ. ನಲವತ್ತು ವರ್ಷದಿಂದ ಅಮ್ಮನ ಕೈ ದಿನಾ ಮಾಡುವ ಆ ಸಣ್ಣ ತಿರುವನ್ನು ನಾನು ಒಂದು ಸಲವೂ ಗಮನಿಸಿರಲಿಲ್ಲ. ಮೌಸ್ ಅಮ್ಮನ ಕೈಗೆ ಕೊಟ್ಟೆ. ಮೊದಲು ಬಾಣದ ಗುರುತು ಎಲ್ಲೆಲ್ಲೋ ಓಡಿತು. ಹತ್ತು ನಿಮಿಷದಲ್ಲಿ ತಟ್ಟೆ ಸರಿ ಕೂತಿತು, ಇಡ್ಲಿ ಬೆಂದಿತು. ಅಮ್ಮ ಆಟ ಗೆದ್ದ ಹಾಗೆ ನಗಲಿಲ್ಲ. ಒಲೆ ಆರಿಸಿದ ಮೇಲೆ ಕೂರುತ್ತಾರಲ್ಲ, ಹಾಗೆ ಹಿಂದಕ್ಕೆ ಒರಗಿ ಕೂತರು.

ಕವಿನ್ ದೊಡ್ಡವನಾಗುತ್ತಾನೆ. ತಾಯಿ ತಮಿಳಿನಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಆಗ ಅಮ್ಮ ಮಾತು ನಿಲ್ಲಿಸಿದರು. ನನ್ನ ಅಕ್ಕನ ಮಗ ಅಮೆರಿಕದಲ್ಲಿ ಹುಟ್ಟಿದವನು, ಒಂಬತ್ತು ವರ್ಷ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮ ಅರ್ಧ ತಿಳಿದು ತಲೆ ಆಡಿಸುತ್ತಾರೆ.

ಕೊನೆಯ ಭಾಗದಲ್ಲಿ ಅದೇ ಪುಸ್ತಕ ಹಿಡಿದು ಅಡುಗೆ ಮಾಡುವುದು ಕವಿನ್. ಅವನಿಗೆ ತಮಿಳು ಸರಿಯಾಗಿ ಓದಲು ಬರುವುದಿಲ್ಲ, ನಮಗೂ ಅರೆಬರೆ ಪದಗಳೇ ಕಾಣುತ್ತವೆ. ಮೊದಲು ಪುಟ ಹರಿದದ್ದಕ್ಕೆ ಮಾತು ಕಳೆದಿತ್ತು, ಈಗ ಭಾಷೆ ಕಳೆದದ್ದಕ್ಕೆ. ಆದರೂ ಅವನು ಮಾಡುತ್ತಾನೆ. ನಾನು ಅಮ್ಮನ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ರಾತ್ರಿ ಎಂದಿನಂತೆ ಬರೆಯಲು ಕೂತೆ. 'ಕೈ ಏನು ಮಾಡಿತು?' ಅಂತ ಬರೆದಿದ್ದೆ ಅಷ್ಟೇ, ಅಮ್ಮ ಬಂದು ಪಕ್ಕದಲ್ಲಿ ಕೂತರು.

"ಒಂದು ಹಾಳೆ ಕೊಡು. ಅವನಿಗೆ ಇಡ್ಲಿ ಮಾಡೋದು ಬರೆದಿಡ್ತೀನಿ."

ನೋಟ್‌ಬುಕ್ಕನ್ನೇ ಕೊಟ್ಟೆ. ಅಕ್ಕಿ ಮೂರು ಪಾವು, ಉದ್ದು ಒಂದು ಪಾವು, ಮೆಂತ್ಯ ಒಂದು ಚಿಟಿಕೆ. ಅಲ್ಲಿಗೆ ಪೆನ್ನು ನಿಂತಿತು. "ಅವನಿಗೆ ಪಾವು ಅಂದ್ರೆ ಗೊತ್ತಾ?" ಅಂತ ಕೇಳಿದರು. ಗೊತ್ತಿರಲಿಕ್ಕಿಲ್ಲ ಅಂದೆ. ಪಕ್ಕದಲ್ಲಿ ಒಂದು ಪುಟ್ಟ ಪಾವಿನ ಚಿತ್ರ ಬರೆದರು. ಅದರ ಕೆಳಗೆ ಇಡ್ಲಿ ತಟ್ಟೆ ಬರೆದು, ತಿರುಗಿಸಿ ಇಡಬೇಕು ಅಂತ ಒಂದು ಬಾಣ ಹಾಕಿದರು.

ಆರನೇ ವಾರದ ಪುಟದಲ್ಲಿ ನನ್ನ ಅಕ್ಷರ ಮೂರೇ ಪದ. ಉಳಿದದ್ದೆಲ್ಲ ಅಮ್ಮಂದು. ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದೇನೆ. ಮುಂದಿನ ವಾರ ಟು ದ ಮೂನ್.