ಬೀಗ ಹಾಕಿದ ವರ್ಕ್‌ಶಾಪಿನಲ್ಲಿ ಸದ್ದು ಕೇಳಿಸಿಕೊಂಡ ಡಬ್ಬಿ

ಪೀಣ್ಯದ ಒಂದು ವರ್ಕ್‌ಶಾಪಿಗೆ ಸದ್ದು ಅಳೆಯುವ ಸಣ್ಣ ಡಬ್ಬಿ ಮಾಡಿಕೊಟ್ಟಿದ್ದೆವು. ಒಳಗೆ ಆರ್ಡುಯಿನೊ ಉನೊ ಅನ್ನುವ, ಕೋಡ್ ಬರೆದು ಓಡಿಸುವ ಸಣ್ಣ ಬೋರ್ಡ್; ಅದಕ್ಕೆ ವೈರಿನಲ್ಲಿ ಜೋಡಿಸಿದ, ಸಿಗ್ನಲ್ ದೊಡ್ಡದು ಮಾಡುವ ಮ್ಯಾಕ್ಸ್4466 ಚಿಪ್ ಇರುವ ಮೈಕ್ ಮಾಡ್ಯೂಲ್. ಅಷ್ಟೇ. ವಾರ ಕಳೆಯುವ ಮೊದಲೇ ಅಲ್ಲಿನ ಸೂಪರ್‌ವೈಸರ್ ಫೋನ್ ಮಾಡಿದರು. "ಸಾರ್, ರಾತ್ರಿ ಎಲ್ಲ ಮೆಷಿನ್ ಆಫ್ ಮಾಡಿ ಬೀಗ ಹಾಕಿದ್ರೂ ನಿಮ್ಮ ಡಬ್ಬಿ ಸದ್ದಿದೆ ಅಂತಿದೆ. ದೆವ್ವ ಗಿವ್ವ ಏನಾದ್ರೂ ಇದೆಯಾ?"

ದೆವ್ವ ನನ್ನ ಕೋಡಿನಲ್ಲೇ ಇತ್ತು. ಅದರ ಹೆಸರು 338.

ಮೈಕ್ ಸಿಗ್ನಲ್ ಮೇಲೂ ಹೋಗುತ್ತದೆ, ಕೆಳಗೂ ಹೋಗುತ್ತದೆ. ಆದರೆ ಉನೊಗೆ ಸೊನ್ನೆಗಿಂತ ಕೆಳಗಿನ ವೋಲ್ಟೇಜ್ ಓದಲು ಬರುವುದಿಲ್ಲ. ಅದಕ್ಕೇ ಮಾಡ್ಯೂಲು ಸಿಗ್ನಲನ್ನು ತನ್ನ ಸಪ್ಲೈನ ಅರ್ಧದಷ್ಟು ಮೇಲಕ್ಕೆ ಎತ್ತಿ ಕೂರಿಸುತ್ತದೆ. ಇದೇ ಆಫ್‌ಸೆಟ್. ಮೈಕಿಗೆ 3.3 ವೋಲ್ಟ್ ಕೊಟ್ಟಿದ್ದೆ, ಹಾಗಾಗಿ ಅದು 1.65. ಉನೊ ತನ್ನ 5 ವೋಲ್ಟನ್ನು 0ರಿಂದ 1023ರವರೆಗೆ ಹಂಚುತ್ತದೆ. ಆ ಲೆಕ್ಕದಲ್ಲಿ 1.65 ಅಂದರೆ 338. ನನ್ನ ಟೇಬಲ್ ಮೇಲೆ ಅಷ್ಟೇ ಬಂತು. ಅದನ್ನೇ ಕೋಡಿನಲ್ಲಿ ಬರೆದು, ಪ್ರತಿ ರೀಡಿಂಗಿನಿಂದ ಕಳೆದು, ಆರ್‌ಎಂಎಸ್ (ಅಂಕಿಗಳ ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ) ಲೆಕ್ಕ ಹಾಕುವಂತೆ ಮಾಡಿ ಡಬ್ಬಿ ಕಳಿಸಿಬಿಟ್ಟೆ.

ಸೈಟಿನಲ್ಲಿ ಅಡಾಪ್ಟರ್ ದೂರ, ವೈರ್ ತೆಳ್ಳಗೆ. ಮಲ್ಟಿಮೀಟರ್ ಇಟ್ಟರೆ ಬೋರ್ಡಿನ ಹತ್ತಿರ 4.7 ವೋಲ್ಟ್ ಮಾತ್ರ. ಮೈಕಿನ 3.3 ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರಿನಿಂದ ಬರುವುದು, ಅದು ಕದಲಿರಲಿಲ್ಲ. ಕುಗ್ಗಿದ್ದು ಅಳತೆಗೋಲು, ಅಂದರೆ ಉನೊ 1023 ಭಾಗ ಮಾಡಿ ಹಂಚುವ ಆ 5 ವೋಲ್ಟ್. ಅದೇ 1.65 ಈಗ 359 ಆಗಿತ್ತು. 21 ಅಂಕಿ ಹೆಚ್ಚು.

ರಾತ್ರಿಯ ನಿಜವಾದ ಸದ್ದು 2 ಅಂಕಿಯಷ್ಟು ಇದ್ದರೂ, ಈ 21 ಸೇರಿಕೊಂಡು ಡಬ್ಬಿ 21 ಅನ್ನುತ್ತಿತ್ತು. ಹತ್ತು ಪಟ್ಟಿಗೂ ಜಾಸ್ತಿ, ಅಂದರೆ ಸುಮಾರು 20 ಡೆಸಿಬಲ್! ಹಗಲು ಪ್ರೆಸ್ ಓಡುವಾಗ ಸದ್ದು 200 ಇದ್ದರೆ? ಆರ್‌ಎಂಎಸ್‌ನಲ್ಲಿ ಕೂಡುವುದು ವರ್ಗಗಳು, ಹಾಗಾಗಿ 201. ಯಾರಿಗೆ ಗೊತ್ತಾಗುತ್ತೆ? ನಾನು ಟೆಸ್ಟ್ ಮಾಡಿದ್ದೆಲ್ಲ ಜೋರು ಸದ್ದಿನಲ್ಲೇ.

ರಿಪೇರಿ ದೊಡ್ಡದೇನಲ್ಲ. 3.3 ವೋಲ್ಟನ್ನೇ ಉನೊದ ಎರೆಫ್ (AREF) ಪಿನ್ನಿಗೂ ಕೊಟ್ಟೆ; ಅಳತೆಗೋಲಿನ ವೋಲ್ಟೇಜನ್ನು ಹೊರಗಿನಿಂದ ಕೊಡುವ ಜಾಗ ಅದು. ಈಗ ಮೈಕೂ ಅಳತೆಗೋಲೂ ಒಂದೇ ಸಪ್ಲೈ ಮೇಲೆ, ಆಫ್‌ಸೆಟ್ 512ರ ಆಸುಪಾಸಿನಲ್ಲೇ ನಿಲ್ಲುತ್ತದೆ. (ವೈರ್ ಹಾಕುವ ಮೊದಲು ಕೋಡಿನಲ್ಲಿ ಹೊರಗಿನ ರೆಫರೆನ್ಸ್ ಎಂದು ಹೇಳಿರಬೇಕು. ಇಲ್ಲದಿದ್ದರೆ ಚಿಪ್ ಸುಟ್ಟೀತು.) ಆದರೂ 512 ಎಂದು ಬರೆದಿಡಲಿಲ್ಲ. ಪ್ರತಿ 200 ಮಿಲಿಸೆಕೆಂಡಿಗೊಮ್ಮೆ ಸರಾಸರಿ ತೆಗೆದು ಅದನ್ನೇ ಕಳೆಯುತ್ತೇನೆ. 200 ಯಾಕೆಂದರೆ ನಮ್ಮ 50 ಹರ್ಟ್ಸ್ ಕರೆಂಟಿನ ಸರಿಯಾಗಿ ಹತ್ತು ಸುತ್ತು ಅದರಲ್ಲಿ ಹಿಡಿಯುತ್ತದೆ. ಗುಂಯ್‌ಗುಡುವಿಕೆ ಸರಾಸರಿಯನ್ನು ಎಳೆದಾಡುವುದಿಲ್ಲ.

ಆ ಗುಂಯ್ ಅನ್ನುವುದೂ ಇತ್ತು ಅನ್ನಿ. ಆಫ್‌ಸೆಟ್ ಹೋದ ಮೇಲೂ ರಾತ್ರಿಯ ರೀಡಿಂಗ್ ನನ್ನ ಟೇಬಲಿಗಿಂತ ಜಾಸ್ತಿಯೇ. ಮೈಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿದೆ. ಏನೂ ಇಳಿಯಲಿಲ್ಲ. ಹಾಗಾದರೆ ಇದು ಗಾಳಿಯಲ್ಲಿ ಬಂದ ಸದ್ದಲ್ಲ, ವೈರಿನಲ್ಲಿ ಬಂದದ್ದು. ನೋಡಿದರೆ ಮೈಕಿನ ವೈರು ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟಿನ ಕೇಬಲ್ಲಿಗೆ ಅಂಟಿಕೊಂಡೇ ಓಡುತ್ತಿತ್ತು. ಬೇರೆ ದಾರಿಯಲ್ಲಿ ಶೀಲ್ಡ್ ವೈರ್ (ಸುತ್ತ ಲೋಹದ ಹೊದಿಕೆ ಇರುವುದು) ಎಳೆದು, ಶೀಲ್ಡನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡಿಗೆ ಸೇರಿಸಿದೆ. ಇಳಿಯಿತು.

ಉಳಿದ ಅಲ್ಪಸ್ವಲ್ಪವನ್ನು ಲೆಕ್ಕದಲ್ಲಿ ಕಳೆಯಬಹುದು, ಆದರೆ ನೇರವಾಗಿ ಅಲ್ಲ. ಒಟ್ಟು 5, ಹಿನ್ನೆಲೆ 3 ಇದ್ದರೆ ಉಳಿಯುವುದು 2 ಅಲ್ಲ, 4. ಇಲ್ಲೂ ವರ್ಗಗಳೇ. ಎರಡರ ನಡುವೆ 3 ಡೆಸಿಬಲ್‌ಗಿಂತ ಕಡಿಮೆ ಅಂತರವಿದ್ದರೆ ನಾನು ಸುಮ್ನೆ ಅಂಕಿ ಕೊಡುವುದಿಲ್ಲ, ಅಳೆಯಲಾಗಲಿಲ್ಲ ಎಂದೇ ಬರೆಯುತ್ತೇನೆ.

ಈಗ ಯಾವ ಡಬ್ಬಿ ಹೊರಡುವ ಮೊದಲೂ ಆಫೀಸ್ ಖಾಲಿಯಾಗುವವರೆಗೆ ಕಾಯುತ್ತೇನೆ. ಫ್ಯಾನ್ ಆಫ್ ಮಾಡಿ, ಸಪ್ಲೈಯನ್ನು 5ರಿಂದ 4.5ಕ್ಕೆ ನಿಧಾನ ಇಳಿಸುತ್ತಾ ರೀಡಿಂಗ್ ನೋಡುತ್ತಾ ಕೂರುತ್ತೇನೆ.